ನನ್ನ ರಕ್ತ ಹಿಡಿದ ಗುರುತು

ತೊಂಬತ್ತರ ದಶಕದ ಕೊನೆ. ತುಮಕೂರಿನ ಲ್ಯಾಬೊಂದರಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಕ್ಯಾನ್ಸರ್ ಕೋಶಗಳ ಮೇಲೆ ನನ್ನದೇ ರಕ್ತದ ತಿಳಿ, ಅಂದರೆ ಸೀರಂ ಹಾಕಿದ್ದೆ. ರೋಗಾಣುಗಳನ್ನು ಗುರುತಿಸಿ ಹಿಡಿಯುವ ಪ್ರತಿಕಾಯ ಅದರಲ್ಲಿರುತ್ತದೆ; ಅದು ಅಂಟಿದ ಕಡೆಯೆಲ್ಲ ಹಸಿರಾಗಿ ಹೊಳೆಯುವ ಬಣ್ಣವನ್ನೂ ಸೇರಿಸಿದ್ದೆ.

“ನಿನಗೇನು ಕ್ಯಾನ್ಸರ್ ಬಂದಿತ್ತಾ? ಏನೂ ಕಾಣಲ್ಲ ಬಿಡಮ್ಮ,” ಎಂದಿದ್ದರು ಗೈಡ್ ಮೇಡಂ.

ಮೈಕ್ರೋಸ್ಕೋಪಿನಲ್ಲಿ ಇಣುಕಿದೆ. ಕೋಶಗಳ ಅಂಚೆಲ್ಲ ಹಸಿರು! ಕೋಶದ ಮೈಮೇಲಿನ ಸಕ್ಕರೆಯ ಸರಪಳಿಗಳನ್ನು ಕತ್ತರಿಸಿ ಮತ್ತೆ ನೋಡಿದರೆ ಬರೀ ಕತ್ತಲೆ. ನನ್ನ ಪ್ರತಿಕಾಯಗಳು ಹಿಡಿದದ್ದು ಆ ಸಕ್ಕರೆಯನ್ನೇ. ಮೇಡಂ ತಾವೂ ಬಗ್ಗಿ ನೋಡಿ ನಕ್ಕುಬಿಟ್ಟರು. “ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಮೇಲೂ ಇಂಥದ್ದೇ ಸಕ್ಕರೆ ಇರತ್ತೆ ಕಣೇ. ಚಿಕ್ಕಂದಿನಲ್ಲೇ ನಿನ್ನ ರಕ್ತ ಅದನ್ನ ಗುರ್ತು ಮಾಡ್ಕೊಂಡಿರ್ಬೇಕು.”

ಸಂಜೆ ಗುಬ್ಬಿ ಊರಿನ ನಮ್ಮ ಮನೆಯಲ್ಲಿ ಇದನ್ನೇ ಹೇಳಿದೆ. ಮಗುವಾಗಿದ್ದಾಗ ನಾನು ಹಿತ್ತಲ ಮಣ್ಣು ತಿಂದೆನೆಂದು ಅಜ್ಜಿ ಅಮ್ಮನನ್ನು ಬೈಯುವುದು ಇನ್ನೂ ನಿಂತಿರಲಿಲ್ಲ. ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು.

“ಕೇಳಿಸ್ಕೊಂಡ್ರಾ ಅತ್ತೆ? ಆ ಮಣ್ಣೇ ಇವ್ಳಿಗೆ ಪಾಠ ಹೇಳ್ಕೊಟ್ಟೈತೆ!”

ಬ್ಯಾಕ್ಟೀರಿಯಾ ಮಣ್ಣಿನಿಂದಲೇ ಬರಬೇಕಿಲ್ಲ. ಆದರೆ ಅಷ್ಟು ವರ್ಷ ಬೈಸಿಕೊಂಡವಳ ಗೆಲುವಿಗೆ ನಾನೇಕೆ ಅಡ್ಡ ಬರಲಿ? ಅಜ್ಜಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ ಆ ಮಣ್ಣಿನ ಬೈಗುಳ ನಮ್ಮ ಮನೆಯಲ್ಲಿ ಕೇಳಲೇ ಇಲ್ಲ.