ಮೂರು ಕುಳಿಯ ಫರಸಿ

ರಾವೂರಿನ ವಿಠೋಬಾ ಫರಸಿ ಕಲ್ಲಿನ ಖಣಿಯಲ್ಲಿ ಮೈ ಮುರಿದು ದುಡಿದವನು. ಬೆರಳಿನಿಂದ ಬಡಿದೇ ಕಲ್ಲಿನ ಹೊಟ್ಟೆಯೊಳಗಿನ ಬಿರುಕು ಹೇಳುತ್ತಿದ್ದ. ಕೂಲಿಗಳ ಮೇಲ್ವಿಚಾರಕ ಮುಕಾದಮ ಎಷ್ಟು ಗದರಿದರೂ ಬಿರುಕಿನ ಕಲ್ಲನ್ನು ಲಾರಿ ಹತ್ತಗೊಡಲಿಲ್ಲ. ಅವನ ಹೆಂಡತಿ ಅನಸುಬಾಯಿ, ಕೂಲಿ ಹೆಣ್ಣೊಬ್ಬಳ ಸೆರಗಿಗೆ ಕೈ ಹಾಕಿದ ಅದೇ ಮುಕಾದಮನನ್ನು ಸುತ್ತಿಗೆ ಹಿಡಿದು ವಾಡಿ ಸ್ಟೇಷನ್ನಿನ ತನಕ ಅಟ್ಟಿಸಿಕೊಂಡು ಹೋದವಳು. ಅವರ ಮೊಮ್ಮಗಳು ಸಪ್ನಾ. ಮೊಂಡುತನ ಅವಳಿಗೆ ಹಾಲಿನ ಜೊತೆಗೇ ಇಳಿದದ್ದು.

ಪ್ರಾಣಿಗಳ ಬುದ್ಧಿ ಓದುತ್ತೇನೆಂದು ಅವಳು ಚಿಂಚೋಳಿ ಕಡೆಯ ಒಂದು ಸಣ್ಣ ಪ್ರಾಣಿಸಂಗ್ರಹಾಲಯಕ್ಕೆ ಹೊರಟಾಗ ಊರ ಕಟ್ಟೆ ಹಲ್ಲು ಕಿರಿಯಿತು.

"ಮನಶ್ಯಾರ ಬುದ್ಧಿ ಓದಿ ಮುಗೀತೇನಬೇ?"

"ನಿಮ್ಮದು ಓದಾಕ ಕುಂತಿದ್ದೆ. ಒಂದು ಹಾಳೀನೂ ಸಿಗಲಿಲ್ಲ," ಎಂದು ಬಸ್ಸು ಹತ್ತಿದಳು.

ಅಲ್ಲಿದ್ದದ್ದು ಕರೆವ್ವ ಎಂಬ ಹೆಣ್ಣು ಕರಡಿ. ಸಪ್ನಾ ಊರಿನಿಂದಲೇ ಮೂರು ಫರಸಿ ತುಂಡು ಒಯ್ದು ಒಂದರಲ್ಲಿ ಒಂದು ಕುಳಿ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಮೂರು ಕುಳಿ ಕೊರೆದಳು. ಮೂಗಿಗೆ ಗುಟ್ಟು ತಿಳಿಯಬಾರದೆಂದು ಪ್ರತಿ ಸಲ ಮೂರನ್ನೂ ತೊಳೆದು ಬೆಲ್ಲದ ನೀರು ಸವರಿ, ಬೆಲ್ಲದ ಹೆಂಟೆಯನ್ನು ಮಾತ್ರ ಮೂರು ಕುಳಿಯದರ ಕೆಳಗೆ ಇಡಿಸುತ್ತಿದ್ದಳು. ಕರಡಿಗೆ ಹೆಚ್ಚು ಕಡಿಮೆ ತಿಳಿಯುತ್ತದೆಯೋ ಎಂದು ನೋಡುವುದೇ ಅವಳ ಓದು. ಬೆಲ್ಲ ಇಡುತ್ತಿದ್ದವನು ಕರಡಿಯನ್ನು ಸಾಕುವ ಭಾಗಣ್ಣ. ಕಲ್ಲುಗಳನ್ನು ಹೇಗೆ ಅದಲುಬದಲು ಮಾಡಿದರೂ ಕರೆವ್ವ ಮೂರು ಕುಳಿಯದನ್ನೇ ಎತ್ತುತ್ತಿತ್ತು.

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅಲ್ಲಿಯ ಸಾಹೇಬ. 'ಎಣಿಸುವ ಕರಡಿ' ಎಂದು ಗೇಟಿಗೆ ಬೋರ್ಡು ಬಡಿಸಿದ. ಭಾನುವಾರ ಆಟವಿದೆ ಎಂದು ಸೇಡಂ, ಚಿತ್ತಾಪುರದ ತನಕ ಸಾರಿಸಿದ.

ಅಷ್ಟರಲ್ಲಿ ಭಾಗಣ್ಣ ಬೀಗರ ಮದುವೆಗೆಂದು ಮುಧೋಳಕ್ಕೆ ಹೋದ. ಬೆಲ್ಲವನ್ನು ಸಪ್ನಾಳೇ ಇಟ್ಟಳು. ಕರೆವ್ವ ಕಂಡಕಂಡ ಕಲ್ಲು ಎತ್ತಿ ಒಗೆಯಿತು. ಅವನು ಮರಳಿದ ಮೇಲೆ ಸಪ್ನಾ ಕರಡಿಯನ್ನು ಬಿಟ್ಟು ಅವನನ್ನೇ ನೋಡುತ್ತ ಕುಳಿತಳು. ಬೆಲ್ಲದ ಮೇಲೆ ಕಲ್ಲು ಮುಚ್ಚಿದವನೇ ಭಾಗಣ್ಣ ಅದನ್ನು ಅಂಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. ದಿನವಿಡೀ ತಂಬಾಕು ತಿಕ್ಕುವ ಅಂಗೈ ಅದು.

"ಇದೇನು ಕಾಕಾ?"

"ಉಣ್ಣೋ ಪದಾರ್ಥದ ಮ್ಯಾಲ ಕಲ್ಲು ಹೇರೋದು ಪಾಪ ಅದವ್ವ. ತಪ್ಪಾಯ್ತಂತ ಬೇಡಕೋತೀನಿ."

ಮೂರೂ ಕಲ್ಲನ್ನು ಅವನಿಂದ ಮುಟ್ಟಿಸಿ ನೋಡಿದಳು. ಕರೆವ್ವ ಕಕ್ಕಾಬಿಕ್ಕಿಯಾಯಿತು. ಅದು ಎಣಿಸುತ್ತಿರಲಿಲ್ಲ, ಭಾಗಣ್ಣನ ತಂಬಾಕನ್ನು ಮೂಸುತ್ತಿತ್ತು.

ಸಪ್ನಾ ನೆಟ್ಟಗೆ ಸಾಹೇಬನ ಕೋಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದಳು. "ಬೋರ್ಡ್ ತಗಸ್ರಿ," ಎಂದಳು.

"ಕಲ್ಲು ಒಡ್ಯೋ ಮಂದೀನ ಒಳಗ ಬಿಟ್ಟದ್ದೇ ನನ್ನ ತಪ್ಪು," ಎಂದು ಸಾಹೇಬ ಮೇಜು ಗುದ್ದಿದ. "ಐತವಾರ ಕರಡಿ ಎಣಸಲಿಲ್ಲಂದ್ರ ನಿನ್ನ ಪರವಾನಗಿ ರದ್ದು. ಓದು ಮಣ್ಣುಗೂಡ್ತದ, ನೋಡ್ಕೋ."

"ಕೂಡ್ಲಿ."

ಕುರ್ಚಿಯ ಸೊಕ್ಕು ಕುರ್ಚಿ ಇರುವ ತನಕ. ಕರಡಿಯ ಮೂಗಿನಷ್ಟು ನಿಯತ್ತು ಆ ಸೊಕ್ಕಿಗಿಲ್ಲ.

ಭಾನುವಾರ ಕಟಕಟೆಗೆ ಜನ ಜೋತುಬಿದ್ದರು. ಸಪ್ನಾ ಕಲ್ಲುಗಳನ್ನು ಉಜ್ಜಿ ತೊಳೆದು, ಬೆಲ್ಲದ ನೀರು ಹೊಸದಾಗಿ ಸವರಿ, ಹೆಂಟೆಯನ್ನು ತಾನೇ ಇಟ್ಟಳು. ಕರೆವ್ವ ಬಂದು ಒಂದು ಕುಳಿಯ ಕಲ್ಲೆತ್ತಿ ಬರಿನೆಲ ನೆಕ್ಕಿತು.

"ಟಿಕೀಟಿನ ರೊಕ್ಕ ವಾಪಸ್ ಕೊಡ್ರಲೇ!"

"ಕರಡೀನೂ ಫೇಲು, ಕಲಸಾಕಿನೂ ಫೇಲು!"

ಯಾರೋ ಕಡಲೆಸಿಪ್ಪೆ ತೂರಿದರು. ಅದು ಸಪ್ನಾಳ ತಲೆಯ ಮೇಲೆ ಬಿತ್ತು. ಸಾಹೇಬ ಹಲ್ಲು ಕಡಿಯುತ್ತ, "ಇನ್ನೊಂದು ಸಲ. ಇದೇ ಕಡೀದು," ಎಂದ.

ಭಾಗಣ್ಣ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಅವಳ ಬದಿಗೆ ಸರಿದ. "ಸಪ್ನವ್ವ, ಈಗ ನಾ ಬೆಲ್ಲ ಇಡ್ತೀನಿ. ಆ ಕಲ್ಲಿನ ಮ್ಯಾಲ ಒಂದೇ ಸಲ ಕೈ ಆಡಸ್ತೀನಿ, ಯಾರಿಗೂ ತಿಳ್ಯಂಗಿಲ್ಲ. ನಿನ್ನ ಓದು ಉಳೀತದ, ನಮ್ಮ ಕರೆವ್ವನ ಮಾನಾನೂ ಉಳೀತದ."

ಸಪ್ನಾ ಬೆಲ್ಲದ ಹೆಂಟೆಯನ್ನು ಅವನಿಗೆ ಕೊಡಲಿಲ್ಲ.

"ಬ್ಯಾಡ ಕಾಕಾ. ಕೈ ಕಿಸೇದಾಗ ಇಡು. ಕರೆವ್ವ ನಿನ್ನ ವಾಸನಿ ಹಿಡದು ಅನ್ನ ಹುಡಕೇದ, ಅದನ್ನೇ ಬರೀತೀನಿ ನಾ. ಪರವಾನಗಿ ಹರೀತಾರಾ? ಹರೀಲಿ. ಆಕಡೆ ಸರಿ, ಕಲ್ಲು ಮುಟ್ಟಬ್ಯಾಡ."