ಸಂಸತ್ತಿನ ಹೂಂ ಅಕ್ಕ

ರಾಜರು ಹೋಗಿ ಸಂಸತ್ತು ಬಂದಾಗಿನಿಂದ ನಮ್ಮಲ್ಲೊಂದು ನಿಯಮವಿದೆ. ಕತೆಗೆ ಹೂಂಗುಟ್ಟುವ ಹಾಗೆ ಮಸೂದೆಗೂ ಒಬ್ಬರು ಹೂಂಗುಟ್ಟಬೇಕು. ಮೂರು ಸಲ ಓದಿದರೂ ಹೂಂ ಬರದಿದ್ದರೆ ಮಸೂದೆ ಬಿದ್ದಂತೆ. ದರ್ಜಿ ಅಕ್ಕನಿಗೆ ಆ ಕೆಲಸ ಸಿಕ್ಕಿ ಇಪ್ಪತ್ತು ವರ್ಷ. ಸ್ಟೂಲಿನ ಮೇಲೆ ಕೂತು, ಗುಂಡಿ ಹೊಲಿಯುತ್ತಲೇ ಕೇಳುತ್ತಾಳೆ.

ಒಂದು ದಿನ, ಹೊಸದಾಗಿ ಮಂತ್ರಿಯಾದ ಅವಳ ತಮ್ಮ ತನ್ನ ಮೊದಲ ಮಸೂದೆಯನ್ನು ಎರಡು ಸಲ ಓದಿದ. ಅಕ್ಕ ತುಟಿ ಬಿಚ್ಚಲಿಲ್ಲ.

“ಮರ್ಯಾದೆ ಹೋಗುತ್ತೆ ಕಣೇ ಅಕ್ಕಾ. ಹೂಂ ಅಂದ್ಬಿಡು.”

“ಅರ್ಥ ಆಗದೆ ಹೂಂ ಅನ್ನೋದು ನೀನು, ನಿನ್ನ ಹೆಂಡ್ತಿ ಮುಂದೆ. ನಾನಲ್ಲ.”

ಸಭೆ ಗೊಳ್ಳೆಂದಿತು. ತಮ್ಮ ಕಾಗದಗಳನ್ನು ಪಕ್ಕಕ್ಕಿಟ್ಟ. “ಬಾವಿ ತೋಡಿಸಿದವನೇ ಕಟ್ಟೆನೂ ಕಟ್ಟಿಸ್ಬೇಕು. ಇಲ್ದಿದ್ರೆ ಮಕ್ಕಳು ಬೀಳ್ತಾರೆ.”

“ಹೂಂ. ಇಷ್ಟಕ್ಕೆ ನಲವತ್ತು ಪುಟ ಯಾಕೋ ಬೇಕಿತ್ತು?”

ಕಾನೂನು ಪುಸ್ತಕದಲ್ಲಿ ಅದು ಇಂದಿಗೂ ಎರಡೇ ಸಾಲು.