ಅಕ್ಕೋರ ಕ್ಯಾಮೆರಾಕ್ಕೆ ಸಿಗದ ಸೂರ್ಯ

ಮೊನ್ನೆ ರಾಯಚೂರಿನ ಮನೆಯಲ್ಲಿ ಸೊಸೆ ವಿನೆಗರ್ ಬಾಟಲಿ ಬಿಚ್ಚಿದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಾನವಿಯಲ್ಲಿದ್ದೆ... ವಿಜ್ಞಾನದ ಅಕ್ಕೋರು ಅಂಥದೇ ಹುಳಿ ನೀರಿನಲ್ಲಿ ಫೋಟೋ ತೊಳೆಯುತ್ತಿದ್ದ ಬಚ್ಚಲುಮನೆಯಲ್ಲಿ, ಕೆಂಪು ಬಲ್ಬಿನ ಕೆಳಗೆ.

ಇಬ್ಬರೂ ಒಂದೇ ಶಾಲೆಯಲ್ಲಿ ಕಲಿಸುತ್ತಿದ್ದೆವು. ನಾನು ಕನ್ನಡ, ಅವರು ವಿಜ್ಞಾನ. ಗಬ್ಬೂರಿನ ಕುರಿ ಸಾಕುವ ಮನೆತನದವರು. ಒಂದು ಕಡೆ ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಊಟದ ಬಿಡುವಿನಲ್ಲಿ ರೊಟ್ಟಿ ಕೈಯಲ್ಲಿ ಹಿಡಿದೇ ಶಾಲೆಯ ಮಾಳಿಗೆ ಹತ್ತುತ್ತಿದ್ದರು. ಹೈದರಾಬಾದಿನಿಂದ ತರಿಸಿದ ಮಸೂರ, ತಗಡಿನ ಕೊಳವೆ, ಹಿಂದೆ ಹಳೆಯ ಕ್ಯಾಮೆರಾ, ಮುಂದೆ ಬಿಸಿಲು ತಡೆಯಲು ಪೂರ್ತಿ ಕಪ್ಪಾದ ಎಕ್ಸ್‌ರೇ ಫಿಲ್ಮ್. ದಿನವೂ ಸೂರ್ಯನ ಚಿತ್ರ ತೆಗೆದು ನನಗೆ ತೋರಿಸುತ್ತಿದ್ದರು.

"ಹೋದ ವಾರ ಈ ಕರಿ ಚುಕ್ಕಿ ನಡುವ ಇತ್ತು. ಇವತ್ತು ದಂಡಿಗಿ ಬಂದದ ನೋಡ್ರಿ. ಸೂರ್ಯಾನೂ ತಿರುಗಾಕತ್ಯಾನ."

ಎಂಬತ್ತನೇ ಇಸವಿಯ ಸಂಪೂರ್ಣ ಸೂರ್ಯಗ್ರಹಣ ನಮ್ಮ ಊರಿನ ಮೇಲೆಯೇ ಹಾಯುತ್ತದೆಂದು ತಿಳಿದಾಗ ಅವರ ನಿದ್ದೆ ಹಾರಿತು. ಸೂರ್ಯ ಪೂರ್ತಿ ಮುಚ್ಚಿದ ಕೂಡಲೇ ಎಕ್ಸ್‌ರೇ ಫಿಲ್ಮ್ ತೆಗೆಯಬೇಕು, ಆಗಲೇ ಸುತ್ತಲಿನ ಮಂದ ಪ್ರಭೆ ಚಿತ್ರಕ್ಕೆ ಸಿಗುವುದು. ಆ ಫಿಲ್ಮ್ ತೆಗೆಯುವ ಕೆಲಸ ನನ್ನದು. ಗಡಿಯಾರ ನೋಡುತ್ತ ಬಟನ್ ಒತ್ತುವುದು ಅವರದು. ಎಷ್ಟೋ ಸಲ ತಾಲೀಮು ಮಾಡಿಸಿದ್ದರು.

ಆ ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಮಾಳಿಗೆ ಮೇಲೆ ನಾವಿಬ್ಬರೇ. ಕತ್ತಲು ಒಮ್ಮೆಲೇ ಬಿತ್ತು. ನಾನು ತಲೆಯೆತ್ತಿದೆ... ಅಷ್ಟೆ. ಕೈ ಇದ್ದಲ್ಲೇ ಉಳಿಯಿತು. ಅಕ್ಕೋರು ತಲೆ ತಗ್ಗಿಸಿ, ಟಾರ್ಚ್ ಬೆಳಕಿನಲ್ಲಿ ಗಡಿಯಾರ ನೋಡುತ್ತ ಒತ್ತುತ್ತಲೇ ಇದ್ದರು. ಬೆಳಕು ಮರಳಿದ ಮೇಲೆ ಎಕ್ಸ್‌ರೇ ಫಿಲ್ಮ್ ಮತ್ತೆ ಕೊಳವೆಗೆ ಮುಚ್ಚಿರಬೇಕಾದದ್ದೇ, ಹಾಗಾಗಿ ಅವರಿಗೆ ಗೊತ್ತಾಗಲಿಲ್ಲ. ನಾನು ಕೊಳವೆ ಎತ್ತಿಕೊಂಡು ಕೆಳಗಿಳಿದೆ.

ಸಂಜೆ ತೊಳೆದ ನೆಗೆಟಿವ್ ಬರಿದೇ ಬಂತು. ಅವರು ಅದನ್ನು ಬಲ್ಬಿಗೆ ಹಿಡಿದು ಮತ್ತೆ ಮತ್ತೆ ತಿರುಗಿಸಿದರು.

"ನಾ ತೆಗೀಲಿಲ್ರೀ ಅಕ್ಕೋರ... ಮ್ಯಾಲ ನೋಡ್ಕೋತ ನಿಂತುಬಿಟ್ಟೆ."

ಅಕ್ಕೋರು ನೆಗೆಟಿವ್ ಕೆಳಗಿಟ್ಟರು. ಆಮೇಲೆ ಹಾಳೆ, ಪೆನ್ಸಿಲ್ ತಂದರು. "ನಾ ನೋಡಿಲ್ಲ. ನೀವು ನೋಡೀರಿ. ಹೇಳ್ರಿ."

ಹೇಳಿದೆ. ಬೆಳಕು ಎಡಕ್ಕೆ ಉದ್ದ, ಬಲಕ್ಕೆ ಗಿಡ್ಡ. ಹಾಗೆಯೇ ಚಿತ್ರ ಬರೆದರು. ಮರುದಿನ ಮತ್ತೆ ಕೇಳಿದರು, ವಾರದ ಮೇಲೂ ಕೇಳಿದರು. ಕೇಳಿದಷ್ಟೂ ನನಗೆ ನನ್ನ ನೆನಪಿನ ಮೇಲೆಯೇ ಅನುಮಾನ ಹೆಚ್ಚಿತು. ಆದರೂ ಮೊದಲು ಹೇಳಿದ್ದನ್ನೇ ಗಟ್ಟಿಯಾಗಿ ಹೇಳುತ್ತಿದ್ದೆ. ಕೆಲ ದಿನಗಳಾದ ಮೇಲೆ ಪತ್ರಿಕೆಯೊಂದರಲ್ಲಿ ಆ ಗ್ರಹಣದ ಫೋಟೋ ಬಂತು. ಪ್ರಭೆ ಸುತ್ತಲೂ ಒಂದೇ ಸಮ ಹರಡಿತ್ತು. ಅಕ್ಕೋರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಇರ್ಲಿ ಬಿಡ್ರಿ," ಎಂದು ತಾವು ಬರೆದ ಚಿತ್ರವನ್ನೇ ಗೋಡೆಗೆ ಅಂಟಿಸಿದರು.

ಮುಂದೆ ಅವರಿಗೆ ದೇವದುರ್ಗಕ್ಕೆ ವರ್ಗವಾಯಿತು. ಕೆಲವೇ ವರ್ಷಗಳಲ್ಲಿ, ಜ್ವರ ಬಂದು ತೀರಿಕೊಂಡರೆಂದು ಸುದ್ದಿ ಬಂತು. ಇನ್ನೊಂದು ಸಂಪೂರ್ಣ ಗ್ರಹಣ ಅವರ ಪಾಲಿಗೆ ಬರಲೇ ಇಲ್ಲ.

ಈಗಲೂ ಕೆಲವು ಮಧ್ಯಾಹ್ನ ಆ ಆಕಾಶವನ್ನು ನೆನಪಿಗೆ ತಂದುಕೊಳ್ಳಲು ನೋಡುತ್ತೇನೆ. ಬರುವುದಿಲ್ಲ... ನನ್ನ ಮಾತಿಗೆ ಕಾಯುತ್ತ ಕೂತ ಅವರ ಮುಖವೇ ಬರುತ್ತದೆ. ಸರಿಯಾಗಿ ನೆನಪಿಲ್ಲ ಎಂದು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಈಗ ಹೇಳೋಣವೆಂದರೆ ಅವರಿಲ್ಲ.